ಗೋಡೆಗೆ ಬಡಿದ ಬೀಜ

ತುರ್ವಿಹಾಳದ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಚಳಿಯೆಂಬುದು ಒಬ್ಬ ಮುದುಕಿ. ಹರಕು ಸೀರೆ ಸುತ್ತಿಕೊಂಡು ಹಿತ್ತಲಿಂದ ಹಿತ್ತಲಿಗೆ ಅಲೆಯುತ್ತ, "ಒಂದೀಟು ಮಲಗಾಕ ಜಾಗ ಕೊಡ್ರೆವ್ವಾ" ಎಂದು ಗಿಡಗಳನ್ನು ಬೇಡುತ್ತಿದ್ದಳಂತೆ. ಬದನೆ ಮುಖ ತಿರುಗಿಸಿತು. ಬೆಂಡೆ ಹೆದರಿ ಹೂವುದುರಿಸಿತು. ಮೂಲೆಯಲ್ಲಿದ್ದ ಬಡಕಲು ಟಮಾಟಿ ಗಿಡವೊಂದೇ ಎಲೆ ಸರಿಸಿ, "ಬಾ ಆಯಿ, ಇಲ್ಲೇ ಒರಗು" ಎಂದಿತು. ಬೆಳಗಾಗೆದ್ದ ಮುದುಕಿ, "ನಾ ಬಂದಾಗೆಲ್ಲ ನೀ ಕಾಯಿ ಬಿಡು" ಎಂದು ಹರಸಿ ಹೋದಳು.

ಮೊಮ್ಮಗಳು ಶಿವರಂಜನಿ ಈ ಕತೆಯನ್ನು ನಂಬಿದ್ದಳೋ ಇಲ್ಲವೋ, ಆ ಗಿಡದ ಬೀಜವನ್ನಂತೂ ಮದುವೆಯಾಗಿ ಗುರುಗುಂಟಾಕ್ಕೆ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಆಮೇಲೆ ಅಜ್ಜಿ ತೀರಿಕೊಂಡಳು. ತವರಿನ ಹಿತ್ತಲಿಗೆ ಕಾಂಕ್ರೀಟು ಬಿತ್ತು. ಆ ತಳಿ ಇನ್ನೆಲ್ಲಾದರೂ ಉಳಿದಿದ್ದರೆ ಅದು ಇವಳ ಬಚ್ಚಲ ಹಿಂದಿನ ಒಂದೇ ಒಂದು ಗಿಡದಲ್ಲಿ.

"ಲಿಂಗಸುಗೂರು ಸಂತ್ಯಾಗ ಟಮಾಟಿ ರಾಶಿ ಬಿದ್ದಿರ್ತಾವ. ನೀ ಇದೊಂದಕ್ಕ ತೊಟ್ಟಿಲಾ ಕಟ್ಟೀದಿ ನೋಡು" ಎಂದು ಗಂಡ ವೀರೇಂದ್ರ ಬೈಕು ಒರೆಸುತ್ತ ಕಾಡುತ್ತಿದ್ದ. ಅವನಿಗೆ ಹೇಗೆ ಹೇಳುವುದು? ಈ ಸಲದ ಚಳಿಗೆ ನರ್ಸರಿಯಿಂದ ತಂದ ಸಸಿಗಳೆಲ್ಲ ಹೂ ಉದುರಿಸಿಕೊಂಡು ಬೋಳಾಗಿ ನಿಂತಿದ್ದವು. ಅಜ್ಜಿಯ ಗಿಡ ಮಾತ್ರ ಇಬ್ಬನಿಯಲ್ಲಿ ತೊಯ್ದು ನಡುಗುತ್ತಲೇ ಎರಡು ಕಾಯಿ ಹಿಡಿದಿತ್ತು.

ಮೊದಲು ಹಣ್ಣಾದದ್ದನ್ನು ಅವಳು ಸಾರಿಗೆ ಹಾಕಲಿಲ್ಲ. ಬೀಜ ಹಿಂಡಿ, ಬೂದಿಯಲ್ಲಿ ಹೊರಳಿಸಿ, ಸೆಗಣಿಯಲ್ಲಿ ಕಲಸಿ, ಅಂಗೈಯಗಲದ ಒಂದು ಕುಳ್ಳು ತಟ್ಟಿ ದನದ ಕೊಟ್ಟಿಗೆಯ ಗೋಡೆಗೆ ಬಡಿದಳು. ಅವಳೂರಿನ ಪದ್ಧತಿಯೇ ಅದು. ಕಾಲುವೆ ನೀರಿನ ಊರಿನಲ್ಲಿ ಸೆಗಣಿಯೆಲ್ಲ ಗದ್ದೆಯ ಗೊಬ್ಬರಕ್ಕೆ ಹೋಗುತ್ತಿತ್ತು. ಗೋಡೆಯ ಮೇಲೆ ಕುಳ್ಳು ಕಂಡರೆ ಒಳಗೆ ಬೀಜವಿದೆ ಎಂದೇ ಅರ್ಥ, ಮಕ್ಕಳೂ ಮುಟ್ಟುತ್ತಿರಲಿಲ್ಲ. ಆದರೆ ಗುರುಗುಂಟಾದ ಬೆದ್ದಲ ಸೀಮೆಯಲ್ಲಿ ಗೋಡೆಯ ತುಂಬ ಕುಳ್ಳು, ಎಲ್ಲವೂ ಉರುವಲಿಗೆ. ಅದರ ನಡುವೆ ತನ್ನದನ್ನೂ ಬಡಿದು ಅವಳು ಯಾರಿಗೂ ಹೇಳದೆ ಸುಮ್ಮನಾದಳು.

ಮಾವ ಕರಿಬಸಯ್ಯನವರದು ನಸುಕಿನಲ್ಲೇ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂರುವ ನೇಮ. ಸೊಸೆಯನ್ನೇಕೆ ಎಬ್ಬಿಸಬೇಕೆಂದು ನೀರೊಲೆಯನ್ನು ತಾವೇ ಹೊತ್ತಿಸಿಕೊಳ್ಳುವರು. ಹಲ್ಲು ಕಟಕಟ ಅನ್ನುವಂಥ ಒಂದು ಮುಂಜಾನೆ ಶಿವರಂಜನಿ ಕಸಬರಿಗೆ ಹಿಡಿದು ಹಿತ್ತಲಿಗೆ ಬಂದರೆ, ಗೋಡೆಯ ಮೇಲೆ ಅವಳ ಕುಳ್ಳಿದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಮಾತ್ರ ಇತ್ತು.

"ಮಾವಾರ, ಇಲ್ಲೊಂದು ಸಣ್ಣ ಕುಳ್ಳಿತ್ತಲ್ರೀ?"

"ಇತ್ತು ಯವ್ವಾ. ಒಣಗಿ ಗರಿಗರಿ ಆಗಿತ್ತು. ಛಲೋ ಉರೀತು ನೋಡು" ಎಂದರು ಕರಿಬಸಯ್ಯ. ಮಿಂದ ಮೈಯಿಂದ ಇನ್ನೂ ಹಬೆಯೇಳುತ್ತಿತ್ತು, ಮುಖದಲ್ಲಿ ತೃಪ್ತಿಯಿತ್ತು.

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಅತ್ತೆ ಪಾರ್ವತೆಮ್ಮ ಓಡಿ ಬಂದರು.

"ಏನಾತು ಬೇ? ಕುಳ್ಳು ಸುಟ್ಟರ ಯಾರರ ಅಳ್ತಾರೇನು?"

"ಅದ್ರಾಗ ಬೀಜ ಇದ್ವು ಅತ್ತೀ. ನಮ್ಮಜ್ಜಿ ಟಮಾಟಿ ಬೀಜ."

"ಕುಳ್ಳಿನ್ಯಾಗ ಬೀಜ? ನಿಮ್ಮೂರಾಗ ಒಲಿಯಾಗ ಬಿತ್ತನಿ ಮಾಡ್ತೀರೇನು?"

"ಒಂದು ಮಾತು ಹೇಳಬಾರದೇನು ತಂಗೀ" ಎಂದರು ಕರಿಬಸಯ್ಯ.

"ಗ್ವಾಡಿ ಮ್ಯಾಗಿಂದು ಯಾರರ ಸುಡ್ತಾರೇನ್ರೀ?" ಎಂದಳು ಶಿವರಂಜನಿ.

"ಗ್ವಾಡಿ ಮ್ಯಾಗಿಂದ ಬಿಟ್ಟು ಮತ್ತ ಎಲ್ಲಿಂದು ಸುಡಬೇಕು?"

ಇಬ್ಬರ ಮಾತೂ ಸರಿಯಿತ್ತು. ಕರಿಬಸಯ್ಯ ಒಲೆಯ ಮುಂದೆ ಕೂತು ಕಡ್ಡಿಯಿಂದ ಬೂದಿ ಕೆದರತೊಡಗಿದರು. ಸಿಗುವುದಿಲ್ಲವೆಂದು ಗೊತ್ತಿದ್ದೂ ಬಹಳ ಹೊತ್ತು ಕೆದರಿದರು. ವಿಭೂತಿ ಹಚ್ಚಿದ ಕೈ ಮಸಿಯಾಯಿತು. ಇನ್ನು ಮತ್ತೊಮ್ಮೆ ಮೀಯಬೇಕು, ಅದೂ ತಣ್ಣೀರಿನಲ್ಲಿ.

ಅದನ್ನು ನೋಡುತ್ತ ಶಿವರಂಜನಿಯ ಸಿಟ್ಟು ಎಲ್ಲೋ ಇಳಿದುಹೋಯಿತು. ಈ ಮನೆಯ ರೊಟ್ಟಿಯ ದಪ್ಪ ಕಲಿತಿದ್ದಳು, ಖಾರದ ಅಳತೆ ಕಲಿತಿದ್ದಳು. ಇಲ್ಲಿಯ ಗೋಡೆಗೆ ಏನರ್ಥವೆಂದು ಕೇಳಿರಲಿಲ್ಲ. ಅಜ್ಜಿಯನ್ನು ತನ್ನೊಬ್ಬಳಿಗೇ ಇರಲೆಂದು ಬಚ್ಚಿಟ್ಟುಕೊಂಡಿದ್ದಳು, ಹೇಳಿದರೆ ಎಲ್ಲಿ ಖರ್ಚಾಗುವಳೋ ಎಂಬಂತೆ. ಆದರೆ ಅಜ್ಜಿ ಯಾವುದನ್ನು ಬಚ್ಚಿಟ್ಟವಳು? ಬಳೆ ಮಾರಲು ಬಂದ ಪೀರ್‌ಬೀಯನ್ನೂ ಕಟ್ಟೆಯ ಮೇಲೆ ಕೂರಿಸಿ ಆ ಕತೆ ಹೇಳುತ್ತಿದ್ದಳು. ಓಣಿಗೆಲ್ಲ ಗೊತ್ತಿದ್ದುದರಿಂದಲೇ ಆ ಬೀಜ ಅಷ್ಟು ವರ್ಷ ಉಳಿದಿತ್ತು.

ಮಧ್ಯಾಹ್ನ ಪಾರ್ವತೆಮ್ಮ ಬುಟ್ಟಿ ಹಿಡಿದು ಬಚ್ಚಲ ಹಿಂದೆ ಹೋದರು. ಗಂಡನಿಗೆ ಸಜ್ಜೆ ರೊಟ್ಟಿಯ ಜೊತೆ ಹಸಿರು ಟಮಾಟಿ ಚಟ್ನಿ ಎಂದರೆ ಪ್ರಾಣ. ಸುಟ್ಟ ಬೀಜ ಈ ಗಿಡದ್ದೇ ಎಂದು ಅವರಿಗೆ ತಿಳಿದಿರಲಿಲ್ಲ. ಗಿಡದಲ್ಲಿ ಉಳಿದಿದ್ದ ಕೊನೆಯ ಕಾಯಿಗೆ ಅವರ ಬೆರಳು ತಗುಲಿತ್ತು.

"ಅತ್ತೀ, ಬಿಡ್ರಿ ಅದನ್ನ!"

ಕೂಗಿದ ರಭಸಕ್ಕೆ ಅವಳಿಗೇ ನಾಚಿಕೆಯಾಯಿತು. ಕೂಗಿದ ಮೇಲೆ ಹೇಳಲೇಬೇಕಾಯಿತು. ಹೊಸ್ತಿಲ ಮೇಲೆ ಕೂತು ಮುದುಕಿಯ ಕತೆಯನ್ನು ಮೊದಲಿಂದ ಕಡೆಯವರೆಗೆ, ಬದನೆಯ ಬಿಂಕವನ್ನೂ ಬಿಡದೆ ಹೇಳಿದಳು. ಒಳಗೆ ಊಟಕ್ಕೆ ಕೂತಿದ್ದ ಕರಿಬಸಯ್ಯ ತುತ್ತು ಹಿಡಿದೇ ಕೇಳಿದರು.

"ಆ ಮುದುಕಿ ನಮ್ಮನಿಗಿ ಬಂದಿದ್ದರ ನಿಮ್ಮ ಮಾವ ಒಲಿಗೇ ಇಡ್ತಿದ್ರು ಬಿಡು" ಎಂದರು ಪಾರ್ವತೆಮ್ಮ. ಶಿವರಂಜನಿ ನಕ್ಕಳು. ಕರಿಬಸಯ್ಯ ನಗಲಿಲ್ಲ. "ಚಟ್ನಿ ಬ್ಯಾಡ, ಇವತ್ತ ರೊಟ್ಟಿಗಿ ಶೇಂಗಾ ಹಿಂಡೀನ ಹಾಕು" ಎಂದರು.

ಕಾಯಿ ಬಲು ಸಾವಕಾಶ ಮಾಡಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಮಗ್ಗುಲು ಕೆಂಪಾಯಿತು, ಆಮೇಲೆ ಇನ್ನೊಂದು. ಕೊಯ್ದು ನೋಡಿದರೆ ಒಳಗಿದ್ದದ್ದು ನಾಲ್ಕಾರು ಚಪ್ಪಟೆ ಬೀಜ. ಮೊಳೆಯುವವೋ ಇಲ್ಲವೋ, ಹೇಳುವಂತಿರಲಿಲ್ಲ. ಈ ಸಲ ಅಂಗಳದ ನಡುವೆ, ಎಲ್ಲರ ಎದುರಿಗೆ ಕುಳ್ಳು ತಟ್ಟಿದಳು. ಪಾರ್ವತೆಮ್ಮ ಬೂದಿ ಸೋಸಿ ತಂದರು. "ನನ್ನ ಕೈಗಿ ಎಟುಕದಂಗ ಬಡೀರಪಾ" ಎಂದು ಕರಿಬಸಯ್ಯ ಮೇಲಕ್ಕೆ ಬೊಟ್ಟು ಮಾಡಿದರು. ವೀರೇಂದ್ರ ಏಣಿ ಹತ್ತಿ ಸೂರಿನಡಿ ಬಡಿದ.

ಮರುದಿನ ನಸುಕಿನಲ್ಲಿ ಹಿತ್ತಲಿಂದ ದನಿ ಬಂತು.

"ಯವ್ವಾ ರಂಜನೀ, ಇದು ಒಲಿದೋ, ನಿಂದೋ?"

ಕಿಟಕಿಯಿಂದ ಇಣುಕಿದಳು. ಹಿಟ್ಟು ನಾದುವ ಪರಾತದಷ್ಟಗಲದ ಕುಳ್ಳೊಂದನ್ನು ಎರಡೂ ಕೈಯಲ್ಲಿ ಹಿಡಿದು, ಪಂಚೆಯಲ್ಲಿ ಗಡಗಡ ನಡುಗುತ್ತ ಮಾವ ನಿಂತಿದ್ದರು.

"ಒಲಿದ್ರೀ ಮಾವಾರ, ಒಲಿದು!"

"ಖರೇನ?"

"ಖರೇನ್ರೀ."

ಆಮೇಲೆಯೇ ಕಡ್ಡಿ ಗೀರಿದ ಸಪ್ಪಳ ಕೇಳಿಸಿತು.