ಗೂಟದ ಮೇಲಿಲ್ಲದ ಟೋಕನ್

"ನಿನ್ನ ಮಗಳು ಹತ್ತನೇ ಇಯತ್ತೆ ಮುಗಸೂತನಕ ಈ ಹಳಿ ಎಲ್ಲಿಗೂ ಹೋಗಂಗಿಲ್ಲ, ದುರಗವ್ವ. ಇದು ಮಾಬುಸಾಬನ ಮಾತು."

ಆ ಮಾತು ಬಿದ್ದಾಗ ನಾನು ದುರಗವ್ವನ ಕೈಯಲ್ಲಿದ್ದೆ. ಗಂಡ ನಿಂಗಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ಸ್ಟೇಷನ್ನಿನಲ್ಲಿ ಅವನು ಮಾಡುತ್ತಿದ್ದ ಪಾಯಿಂಟ್ಸ್‌ಮನ್ ಕೆಲಸಕ್ಕೆ ಅವಳು ಬಂದ ಮೊದಲ ದಿನ ಅದು. ಮೂರನೆಯ ಇಯತ್ತೆಯ ಮಗಳು ಕಸ್ತೂರಿ ಅವಳ ಸೀರೆ ಹಿಡಿದು ನಿಂತಿದ್ದಳು. ನಮ್ಮ ನೀರಲಗಟ್ಟಿಯಲ್ಲಿ ಹೈಸ್ಕೂಲು ಇರಲಿಲ್ಲ. ಅದು ಇದ್ದದ್ದು ಹದಿನಾಲ್ಕು ಕಿಲೋಮೀಟರ್ ಆಚೆ, ಹಳ್ಳ ದಾಟಿ, ಚಿಂಚಲಾಪುರದಲ್ಲಿ. ಅಲ್ಲಿಗೆ ರೈಲು ಬಿಟ್ಟರೆ ಬೇರೆ ದಾರಿಯಿಲ್ಲ. ಈ ಲೈನು ಇವತ್ತಲ್ಲ ನಾಳೆ ಮುಚ್ಚುತ್ತಾರೆಂಬ ಸುದ್ದಿ ಆಗಲೇ ಓಡಾಡುತ್ತಿತ್ತು. ದುರಗವ್ವ ಅದನ್ನೇ ಕೇಳಿದ್ದಳು. ಹಳಿ ಕಾಯುವ ಗ್ಯಾಂಗಿನ ಮೇಸ್ತ್ರಿ ಮಾಬುಸಾಬ ಸುತ್ತಿಗೆ ಕೆಳಗಿಟ್ಟು ಮಾತು ಕೊಟ್ಟಿದ್ದ.

ಇಷ್ಟು ಹೇಳಿ ನಾನ್ಯಾರೆಂದು ಹೇಳಲೇ ಇಲ್ಲ. ನಾನು ಟೋಕನ್. ಉಕ್ಕಿನ ಗುಂಡು. ಎಲ್ಲೋ ದೂರದ ಕಾರ್ಖಾನೆಯ ಬೆಂಕಿಯಲ್ಲಿ ಹುಟ್ಟಿದೆ. ಇನ್ನೂ ಮೈ ಬಿಸಿ ಆರಿರಲಿಲ್ಲ, ಯಾರೋ ನನ್ನ ಹೊಟ್ಟೆಯ ಮೇಲೆ ಎರಡು ಊರಿನ ಹೆಸರು ಕೊರೆದರು: ನೀರಲಗಟ್ಟಿ, ಚಿಂಚಲಾಪುರ. ಹಣೆಬರಹ ಹೊಟ್ಟೆಯ ಮೇಲೆ ಬರೆಸಿಕೊಂಡವನು ನಾನೊಬ್ಬನೇ ಇರಬೇಕು.

ಈ ಎರಡು ಊರಿನ ನಡುವೆ ಇದ್ದದ್ದು ಒಂದೇ ಹಳಿ. ಎದುರುಬದುರು ಎರಡು ಗಾಡಿ ಬಂದರೆ ಗತಿಯೇನು? ಅದಕ್ಕೇ ನಾನು. ನಾನು ಯಾರ ಕೈಯಲ್ಲಿದ್ದೇನೋ ಅವರದೇ ದಾರಿ, ಉಳಿದವರು ಕಾಯಬೇಕು. ಸ್ಟೇಷನ್ನಿನ ಪೆಟ್ಟಿಗೆಯಲ್ಲಿ ನನ್ನಂಥ ಗುಂಡುಗಳು ಇನ್ನೂ ಇದ್ದವು, ಆದರೆ ಒಂದು ಹೊರಗಿದ್ದರೆ ಪೆಟ್ಟಿಗೆ ಇನ್ನೊಂದನ್ನು ಬಿಡುತ್ತಿರಲಿಲ್ಲ. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ತೊಗಲಿನ ಚೀಲದಲ್ಲಿ ನನ್ನನ್ನಿಟ್ಟು ಪ್ಲಾಟ್‌ಫಾರ್ಮಿನ ಅಂಚಿಗೆ ನಿಂತು ಎತ್ತಿ ಹಿಡಿಯುತ್ತಿದ್ದರು. ಓಡುವ ಇಂಜಿನ್ನಿನಿಂದ ಡ್ರೈವರ್ ತೋಳು ಚಾಚಿ ಬಳೆಯನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದ. ಒಮ್ಮೆ ಒಬ್ಬ ಡ್ರೈವರ್ ನನ್ನನ್ನು ಇಳಿಸುವುದು ಮರೆತು ಜಂಕ್ಷನ್ನಿನವರೆಗೆ ಒಯ್ದುಬಿಟ್ಟ. ನಾನು ಮರಳಿ ಬರುವ ತನಕ, ನಾಲ್ಕು ತಾಸು, ಎರಡೂ ಕಡೆ ಗಾಡಿಗಳು ನಿಂತವು. ಖಾಲಿ ಹಳಿ ಕಣ್ಣಿಗೆ ಕಾಣುತ್ತಿತ್ತು. ಆದರೂ ಒಂದು ಚಕ್ರ ಅಲುಗಲಿಲ್ಲ.

ದುರಗವ್ವ ಮೊದಲ ವಾರ ನನ್ನನ್ನು ಎರಡು ಸಲ ಕೆಳಗೆ ಬೀಳಿಸಿದಳು. ಡ್ರೈವರುಗಳು ನಕ್ಕರು. "ಏನವಾ, ರೊಟ್ಟಿ ಎತ್ತಿ ಕೊಟ್ಟಂಗ ಕೊಡಬ್ಯಾಡ" ಎಂದ ಒಬ್ಬ. ಅವಳು ಬಿಡಲಿಲ್ಲ: "ರೊಟ್ಟಿ ಆಗಿದ್ರ ನೀ ಬಿಡತಿದ್ದೇನ್ ಯಪ್ಪಾ, ಬಾಯಿಲೇ ಹಿಡೀತಿದ್ದಿ." ತಿಂಗಳೊಪ್ಪತ್ತಿನಲ್ಲಿ ಅವಳ ಕೈ ನಿಂಗಪ್ಪನ ಕೈಗಿಂತ ಗಟ್ಟಿಯಾಯಿತು.

ಕಸ್ತೂರಿ ಎಂಟನೆಯ ಇಯತ್ತೆಯಿಂದ ಗಾಡಿ ಹತ್ತಿದಳು. ಹತ್ತನೆಯದರಲ್ಲಿ ಇದ್ದಾಗ, ದೀಪಾವಳಿ ಮುಗಿದ ಮೇಲೆ, ಲೈನು ಮುಚ್ಚಿ ಗಾಡಿ ನಿಂತಿತು. ಇನ್ನು ಹಳಿ ಕಿತ್ತು ಮಾರುವುದೊಂದೇ ಬಾಕಿ. ನನ್ನ ಜೊತೆಯ ಗುಂಡುಗಳನ್ನೂ ನಾವು ಮಲಗುತ್ತಿದ್ದ ಕೆಂಪು ಪೆಟ್ಟಿಗೆಯನ್ನೂ ಜಂಕ್ಷನ್ನಿನಿಂದ ಬಂದ ಲಾರಿ ಹೇರಿಕೊಂಡು ಹೋಯಿತು. ನನ್ನೊಬ್ಬನನ್ನು ಸ್ಟೇಷನ್ ಮಾಸ್ತರ್ ದೇಸಾಯರು ಆಫೀಸಿನ ಗೂಟಕ್ಕೆ ತೂಗುಹಾಕಿದರು. ಅವರಿಗೂ ವರ್ಗವಾಗಿತ್ತು. ಹೋಗುವಾಗ ಒಂದು ಹಾಳೆ ಬರೆದು ಗೋಡೆಗಂಟಿಸಿದರು: ಹಳಿ ಇರುವ ತನಕ ನಿಯಮ ಇರುತ್ತದೆ, ಟೋಕನ್ ಕೈಯಲ್ಲಿ ಇಲ್ಲದೆ ಯಾರೂ ಈ ದಾರಿಗೆ ಇಳಿಯಕೂಡದು. ಹಳಿ ಕೀಳುವ ಗುತ್ತಿಗೆದಾರನಿಂದಲೂ ಅದಕ್ಕೆ ರುಜು ಹಾಕಿಸಿಕೊಂಡರು.

ಮಾಬುಸಾಬ ಗುತ್ತಿಗೆದಾರನನ್ನು ಒಪ್ಪಿಸಿ, ಜಂಕ್ಷನ್ನಿನ ಕಡೆಯಿಂದ ಕೀಳಲು ಹಚ್ಚಿದ. ನಮ್ಮ ಹದಿನಾಲ್ಕು ಕಿಲೋಮೀಟರ್ ಕೊನೆಗೆ. ಅಲ್ಲಿಯ ತನಕ ಹಳಿಯ ಬೋಲ್ಟು ಕಳುವಾಗದಂತೆ ದಿನಾ ನೋಡಿಬರುವುದು ಗ್ಯಾಂಗಿನ ಕೆಲಸ. ನಾಲ್ಕು ಜನ ತಳ್ಳುವ ಟ್ರಾಲಿ ಬೆಳಿಗ್ಗೆ ಚಿಂಚಲಾಪುರಕ್ಕೆ ಹೋಗಿ ಸಂಜೆ ಬರುತ್ತಿತ್ತು. ಅದರ ಹಲಗೆಯ ಮೇಲೆ ಕಸ್ತೂರಿ, ಅವಳ ತೊಡೆಯ ಮೇಲೆ ನಾನು. ನನ್ನನ್ನು ಹಿಡಿಯುವುದು, ಸಂಜೆ ಗೂಟಕ್ಕೆ ಹಾಕುವುದು ಅವಳ ಪಾಲಿನ ಕೆಲಸ. ಇಷ್ಟು ವರ್ಷ ಇಂಜಿನ್ನಿನ ಸದ್ದು ಕೇಳಿದ ನಾನು ಆ ಚಳಿಗಾಲದಲ್ಲಿ ಭೂಗೋಳ ಕೇಳಿದೆ, ವಿಜ್ಞಾನ ಕೇಳಿದೆ, ಹಳೆಗನ್ನಡವನ್ನೂ ಕೇಳಿದೆ. ಟ್ರಾಲಿ ತಳ್ಳುವವರಿಗೂ ಅರ್ಧ ಪಾಠ ಬಾಯಿಗೆ ಬಂತು.

ಪರೀಕ್ಷೆ ಶುರುವಾಯಿತು. ಆರು ಪತ್ರಿಕೆ. ಐದನೆಯದು ಮಂಗಳವಾರ ಮುಗಿಯಿತು. ಮರುದಿನ ಗಣಿತ, ಅದೇ ಕೊನೆ. ಹಳಿ ಕೀಳಲು ಗೊತ್ತಾದ ದಿನ ಗುರುವಾರ.

ಆದರೆ ಮಂಗಳವಾರ ಸಂಜೆ ಟ್ರಾಲಿ ಮರಳಿದಾಗ ನೀರಲಗಟ್ಟಿಯಲ್ಲಿ ಗುತ್ತಿಗೆದಾರನ ಮುನೀಮ ರಾಚೋಟಿ ಗ್ಯಾಸ್ ಕಟರ್ ಇಳಿಸಿಕೊಂಡು ಕೂತಿದ್ದ. ಜಂಕ್ಷನ್ ಕಡೆಯ ಕೆಲಸ ಗೊತ್ತುಮಾಡಿದ್ದಕ್ಕಿಂತ ಎರಡು ದಿನ ಮೊದಲೇ ಮುಗಿದಿತ್ತು.

"ಇನ್ನೂ ಬೆಳಕೈತಿ ಮೇಸ್ತ್ರಿ. ನಾಕು ಹಳಿ ಈಗಲೇ ಕತ್ತರಸ್ತೀವಿ."

ದುರಗವ್ವನ ಮುಖ ಸುಣ್ಣವಾಯಿತು. ಇಲ್ಲಿ ನಾಲ್ಕು ಹಳಿ ಹೋದರೆ ಟ್ರಾಲಿ ಇಲ್ಲಿಂದ ಹೊರಡುವುದಿಲ್ಲ. ಮಗಳ ಗಣಿತ ಹೋಯಿತು, ವರ್ಷ ಹೋಯಿತು. ಏನೂ ತೋಚದೆ ಮಾಬುಸಾಬ ಹಳೇ ರೂಢಿಯ ಮಾತನ್ನೇ ಆಡಿದ: "ತಡೀರಿ, ಟೋಕನ್ ತಗೊಂಡು ಇಳೀರಿ."

ರಾಚೋಟಿ ಆಫೀಸಿಗೆ ಹೋದ. ಗೂಟ ಖಾಲಿ.

ನಾನು ಕಸ್ತೂರಿಯ ಚೀಲದಲ್ಲಿದ್ದೆ, ಕಂಪಾಸ್ ಪೆಟ್ಟಿಗೆಯ ಕೆಳಗೆ. ಬೇಕೆಂದು ಅಡಗಿಸಿದ್ದಲ್ಲ. ಪ್ರಮೇಯವೊಂದನ್ನು ಬಾಯಲ್ಲಿ ಗುನುಗುತ್ತ ಪುಸ್ತಕದ ಜೊತೆ ನನ್ನನ್ನೂ ತುಂಬಿಕೊಂಡು ಮನೆಗೆ ನಡೆದುಬಿಟ್ಟಿದ್ದಳು.

"ಟ್ರಾಲಿ ಇಲ್ಲೇ ಕಣ್ಮುಂದ ನಿಂತೈತಲ್ರೀ!" ಎಂದು ರಾಚೋಟಿ ಕೂಗುವುದು ಸ್ಟೇಷನ್ ಹಿಂದಿನ ಕ್ವಾರ್ಟರ್ಸಿಗೂ ಕೇಳಿತು.

"ಕಣ್ಣಿಗೆ ಕಂಡದ್ದು ನಡಿಯಂಗಿಲ್ಲ. ಟೋಕನ್ ಗೂಟಕ್ಕಿಲ್ಲ ಅಂದ್ರ ದಾರ್‍ಯಾಗ ಗಾಡಿ ಐತಿ ಅಂತ ಅರ್ಥ. ಹಾಳಿ ಓದ್ರಿ. ನಿಮ್ಮ ಸಾಹುಕಾರ ರುಜು ಮಾಡ್ಯಾನ" ಎಂದ ಮಾಬುಸಾಬ.

ದುರಗವ್ವ ಮನೆಗೆ ಬಂದು ಚೀಲ ಎತ್ತಿದಳು. ಎತ್ತಿದ್ದೇ ತಡ, ತೂಕ ಅವಳ ಕೈಗೆ ಗೊತ್ತಾಯಿತು. ಏಳು ವರ್ಷದಲ್ಲಿ ಒಂದು ನಿಮಿಷ ನನ್ನನ್ನು ತಡಮಾಡಿದವಳಲ್ಲ. ಸೆರಗಿನಲ್ಲಿ ನನ್ನನ್ನು ಸುತ್ತಿಕೊಂಡು ಮಾಬುಸಾಬನ ಎದುರಿಗೆ ಹೋಗಿ ನಿಂತಳು.

ಅವನು ಸೆರಗಿನ ಉಬ್ಬು ನೋಡಿದ. ಆಕಾಶ ನೋಡಿದ.

"ಕತ್ತಲಾತು ತಂಗಿ. ಟೋಕನ್ನ ನಾಳೆ ಬೆಳಕಿನ್ಯಾಗ ಹುಡುಕೂಣು. ಹೋಗು, ಹುಡುಗಿಗೆ ಉಣ್ಣಾಕ ನೀಡು."

ಬೆಳಿಗ್ಗೆ ಏಳಕ್ಕೆ ಟ್ರಾಲಿ ಹಳಿಯ ಮೇಲಿತ್ತು. ಅವತ್ತು ನಾನು ಮಾಬುಸಾಬನ ಕೈಯಲ್ಲಿದ್ದೆ. ರಾಚೋಟಿ ಓಡಿಬಂದ. "ಸಿಕ್ಕಿತಲ್ಲ! ಕೊಡ್ರಿ ಇತ್ತ."

"ಸಿಕ್ಕಿತು. ನಾ ತಗೊಂಡೇನಿ. ಸಂಜೀತನಕ ಈ ದಾರಿ ನಂದು. ತಳ್ಳ್ರೋ!"

ಟ್ರಾಲಿ ಹಳ್ಳದ ಸೇತುವೆ ದಾಟುವಾಗ ಕಸ್ತೂರಿ ಕೇಳಿದಳು, "ಕಾಕಾ, ನಾ ಮರೆತದ್ದು ತಪ್ಪಲ್ಲೇನ್ರಿ?"

"ದೊಡ್ಡ ತಪ್ಪು. ಇನ್ನೊಮ್ಮಿ ಮಾಡಬ್ಯಾಡ. ಪ್ರಮೇಯ ಹೇಳು."

ಆಮೇಲೆ ನನ್ನನ್ನು ಹಿಂದಿರುಗಿಸಲು ಪೆಟ್ಟಿಗೆಯೇ ಇರಲಿಲ್ಲ. ದೇಸಾಯರಿಗೆ ಕಾಗದ ಹೋಯಿತು. ಹುಡುಗಿಯ ಬಳಿಯೇ ಇರಲಿ ಎಂದು ಉತ್ತರ ಬಂತು. ಈಗ ನನಗೆ ವಯಸ್ಸಾಗಿದೆ, ಹೊಟ್ಟೆಯ ಅಕ್ಷರ ಸವೆದಿದೆ. ಹಳಿಯಿದ್ದ ದಿಬ್ಬದ ಮೇಲೆ ಡಾಂಬರು ರಸ್ತೆಯಾಗಿದೆ. ಕಸ್ತೂರಿ ಅದೇ ಹದಿನಾಲ್ಕು ಕಿಲೋಮೀಟರಿಗೆ ನರ್ಸ್, ಸ್ಕೂಟರಿನಲ್ಲಿ ತಿರುಗುತ್ತಾಳೆ. ಕೂಸು ತೂಗುವ ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಲು ಮೊದಲು ನನ್ನನ್ನು ಅದರಲ್ಲಿಡುತ್ತಾಳೆ. ನನ್ನ ತೂಕ ಅವಳಿಗೆ ಬಾಯಿಪಾಠ. ನಾನು ಇಳಿದ ಜಾಗಕ್ಕೆ ಕೂಸು ಬರುತ್ತದೆ, ಕೈಕಾಲು ಬಡಿಯುತ್ತದೆ. ಇನ್ನೂ ದಾರಿ ಬಿಟ್ಟುಕೊಡುವುದೇ ನನ್ನ ಕೆಲಸ, ಬೇಜಾರಿಲ್ಲ.

ಕಸ್ತೂರಿಯ ಗಣಿತ ಬುಧವಾರ ಮುಗಿಯಿತು. ಹಳಿ ಗುರುವಾರ ಕಿತ್ತರು. ಮಾಬುಸಾಬ ಕೊಟ್ಟ ಮಾತು ನಡೆಸಿದ.