ಬುಬೊಯ್‌ನ ದನಿ

ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಡಬ್ಬಿಂಗ್ ಸ್ಟುಡಿಯೋ ಹೊರಗಿನ ನೆರಳಲ್ಲಿ ಕೂತಿದ್ದಾಗ ಪರ್ಲಿತಾ ತನ್ನ ಬಳಿ ಕಸುಬು ಕಲಿತ ಹುಡುಗಿ ರೊವೆಲಿನ್‌ಳನ್ನು ಹತ್ತಿರ ಕರೆದು, ಐಸು ತುಂಬಿದ ನಿಂಬೆ ಶರಬತ್ತಿನ ಲೋಟವನ್ನು ಕೈಗಿಟ್ಟಳು. ಕೆಜೋನ್ ಸಿಟಿಯ ಸೆಕೆಗೆ ಲೋಟವೂ ಬೆವೆತಿತ್ತು.

"ಕುಡಿ. ಬಾಯಾರಿರುತ್ತೆ ನಿಂಗೆ."

ಹುಡುಗಿ ಒಮ್ಮೆ ಲೋಟವನ್ನೂ ಒಮ್ಮೆ ಪರ್ಲಿತಾಳ ಮುಖವನ್ನೂ ನೋಡಿದಳು. ಆಮೇಲೆ ಗಟಗಟನೆ ಕುಡಿದುಬಿಟ್ಟಳು.

ಡಬ್ಬಿಂಗ್ ಇರುವ ದಿನ ಐಸು ಮುಟ್ಟಬಾರದು, ಗಂಟಲು ಕಟ್ಟುತ್ತದೆ ಎನ್ನುವುದು ಈ ಕಸುಬಿನ ಮೊದಲ ಪಾಠ. ಅದನ್ನು ರೊವೆಲಿನ್‌ಗೆ ಹೇಳಿಕೊಟ್ಟವಳೇ ಪರ್ಲಿತಾ. ಹಿರಿಯರು ಕೈಯೆತ್ತಿ ಕೊಟ್ಟದ್ದನ್ನು ಕಿರಿಯರು ಒಲ್ಲೆ ಎನ್ನುವುದಿಲ್ಲ ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜಪಾನಿನಿಂದ ಬರುವ ಒಂದು ಮಕ್ಕಳ ಕಾರ್ಟೂನಿನಲ್ಲಿ ಬುಬೊಯ್ ಎಂಬ ತುಂಟನಿಗೆ ಹನ್ನೊಂದು ವರ್ಷ ತಗಲೋಗ್ ಭಾಷೆಯಲ್ಲಿ ದನಿ ಕೊಟ್ಟದ್ದು ಪರ್ಲಿತಾ. ಜೀಪ್ನಿ ಬಸ್ಸಿನಲ್ಲಿ ಅವಳು ಬಾಯಿ ತೆರೆದರೆ ಸಾಕು, ಮಕ್ಕಳು ಕತ್ತು ತಿರುಗಿಸುತ್ತಿದ್ದವು. ಹೆತ್ತ ಮಕ್ಕಳಿಲ್ಲದ ಅವಳಿಗೆ ಅಷ್ಟೇ ಸಂಪತ್ತು. ಹೊಸ ಕಂತುಗಳು ಬಂದಾಗ ನಿರ್ದೇಶಕ ಬೋಯೆತ್ ಬುಬೊಯ್‌ನನ್ನು ರೊವೆಲಿನ್‌ಗೆ ಕೊಟ್ಟು, ಪರ್ಲಿತಾಳಿಗೆ ಅಜ್ಜಿಯ ಪಾತ್ರ ಹಚ್ಚಿದ. ಅಜ್ಜಿಗೆ ಕಂತಿಗೆ ನಾಲ್ಕು ಮಾತು, ಒಂದು ಕೆಮ್ಮು. ಅಂದಿನಿಂದ ಅವಳ ಹೊಟ್ಟೆ ಉರಿಯುತ್ತಲೇ ಇತ್ತು. ಹುಡುಗಿ ಚೆನ್ನಾಗಿ ಮಾಡಿದ ದಿನ ಅನ್ನ ಸೇರುತ್ತಿರಲಿಲ್ಲ. ತಪ್ಪಿದ ದಿನ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಅವತ್ತು ಬುಬೊಯ್‌ನ ನಾಯಿ ಕಳೆದುಹೋಗುವ ದೃಶ್ಯ. ಅವನು ಗದ್ದೆ ಬದುವಿನ ಮೇಲೆ ಓಡುತ್ತ ಅದನ್ನು ಕೂಗಬೇಕು, ಕೂಗುತ್ತಲೇ ಅಳಬೇಕು. ರೊವೆಲಿನ್ ಮೈಕಿನ ಮುಂದೆ ನಿಂತಳು. ದನಿ ಮೇಲೇರುವಲ್ಲಿ ಒಡೆಯಿತು. ಎರಡನೆಯ ಸಲವೂ ಒಡೆಯಿತು. ಐದನೆಯ ಸಲಕ್ಕೆ ಬರೀ ಗಾಳಿ ಬಂತು.

ಬೋಯೆತ್ ಗಡಿಯಾರ ನೋಡಿ ತಲೆ ಕೆರೆದುಕೊಂಡ. ನಾಳೆಯೇ ಕಂತು ಟಿವಿಯವರ ಕೈ ಸೇರಬೇಕಿತ್ತು. "ಅಕ್ಕಾ, ಇದೊಂದು ನೀವೇ ಮಾಡ್ಬಿಡಿ" ಅಂದ. "ನಿಮ್ಮ ಮುಂದೆ ಯಾರಿದ್ದಾರೆ? ಮುಂದಿನ ಕಂತುಗಳ ವಿಷ್ಯಾನೂ ಮಾತಾಡೋಣ."

ಪರ್ಲಿತಾಳ ಎದೆ ಹಿಗ್ಗಿತು. ಹುಡುಗಿ ಹೆಡ್‌ಫೋನ್ ಬಿಚ್ಚಿ ತನ್ನ ಅಂಗಿಯ ತುದಿಯಿಂದಲೇ ಅದನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಐಸು ಅಂತ ಗೊತ್ತಿದ್ದೂ ಯಾಕೆ ಕುಡಿದೆ?" ಪರ್ಲಿತಾಳಿಗೆ ಕೇಳದೆ ಇರಲಾಗಲಿಲ್ಲ.

"ತಿಂಗಳಾಯ್ತಲ್ಲ ಅಕ್ಕಾ, ನನ್ನ ಜೊತೆ ನೀವು ಮಾತಾಡಿ" ಎಂದಳು ರೊವೆಲಿನ್, ಒಡೆದ ದನಿಯಲ್ಲಿ. "ಇವತ್ತು ನೀವಾಗೇ ಕರೆದು ಕೊಟ್ರಿ. ಹೆಂಗೆ ಬೇಡ ಅನ್ಲಿ?"

ಅವಳು ಹೋಗಿ ಗಾಜಿನಾಚೆ, ಕಲಿಯುವವರು ಕೂರುವ ಸ್ಟೂಲಿನ ಮೇಲೆ ಕೂತಳು. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಬುಬೊಯ್ ಬದುವಿನ ಮೇಲೆ ಓಡುತ್ತ ಬಂದ, ಎಡವಿದ, ಎದ್ದ. ಹನ್ನೊಂದು ವರ್ಷ ಪರ್ಲಿತಾ ಅವನ ತುಟಿ ನೋಡದೆಯೇ ಕೂಗಿದವಳು. ಬುಬೊಯ್ ಬಾಯಿ ಅಗಲವಾಗಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಪರ್ಲಿತಾಳ ಕಣ್ಣು ಗಾಜಿನಾಚೆಯ ಹುಡುಗಿಯ ಮೇಲೆ ನೆಟ್ಟಿತ್ತು, ಬಾಯಿಂದ ದನಿಯೇ ಹೊರಡಲಿಲ್ಲ.