ಒಂದೇ ಗೀಟು, ಎರಡು ಅಂಕೆ

ನಾನು ಹುಟ್ಟಿದ ಬೆಳಿಗ್ಗೆ ಒಂದು ದೋಸೆ ಸೀದುಹೋಯಿತು. ಹಾಸನದ ಬಾಡಿಗೆ ಮನೆಯಲ್ಲಿ ಇಂದಿರಾ ಟೀಚರ್ ದೋಸೆ ಹುಯ್ಯುತ್ತಿದ್ದರು. ಮಗಳು ಚಾರು ದಾರವೊಂದನ್ನು ಹಿಡಿದುಕೊಂಡು ಒಳಗೆ ಬಂದಳು. ಅದರ ತುದಿಯಲ್ಲಿ ಪಟಿಕದ ಹರಳು. ಪಟಿಕ ಕರಗಿಸಿದ ನೀರಿನಲ್ಲಿ ತೂಗುಬಿಟ್ಟಿದ್ದು ನೆಲ್ಲಿಕಾಯಿಯಷ್ಟು ಬೆಳೆದಿತ್ತು. ಮೈತುಂಬ ನುಣುಪಾದ ಮುಖಗಳು.

"ಅಮ್ಮಾ, ಇದರ ಕೋನ ಅಳೀಬೇಕು."

ಟೀಚರ್ ಸಟ್ಟುಗ ಕೆಳಗಿಟ್ಟರು. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ, ಮುರಿದ ಸ್ಕೇಲಿನ ತುಂಡಿಗೆ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಎರಡನ್ನೂ ಟಿಚ್ ಬಟನ್ನಿನಿಂದ ಜೋಡಿಸಿದರು. ಅದೇ ನಾನು. ಹರಳಿನ ಒಂದು ಮುಖಕ್ಕೆ ನನ್ನ ಅಂಚು, ಪಕ್ಕದ ಮುಖಕ್ಕೆ ಸ್ಕೇಲಿನ ಪಟ್ಟಿ ಒತ್ತಿದರೆ ಸಾಕು, ಪಟ್ಟಿ ನಿಂತ ಗೀಟೇ ಕೋನ. ಹರಳು ಎಷ್ಟೇ ಬೆಳೆದರೂ ಆ ಕೋನ ಬದಲಾಗುವುದಿಲ್ಲ.

"ನೂರ ಹತ್ತು," ಎಂದಳು ಚಾರು.

ಟೀಚರ್ ಸೀದ ದೋಸೆ ಕೆರೆಯುತ್ತಿದ್ದರು, ತಿರುಗಿ ನೋಡಲಿಲ್ಲ. "ತಪ್ಪು ಕಣೇ. ಪುಸ್ತಕದಲ್ಲಿ ಎಪ್ಪತ್ತು ಅಂತಿದೆ."

ಚಾರು ನನ್ನನ್ನು ಕಟ್ಟೆಯ ಮೇಲಿಟ್ಟು, ಹರಳನ್ನು ಹಿಡಿದುಕೊಂಡು ಹೊರಗೆ ಹೋದಳು.

ನನ್ನ ಪ್ರತಿ ಗೀಟಿಗೂ ಎರಡು ಅಂಕೆಗಳಿವೆ, ಒಂದು ಎಡದಿಂದ ಎಣಿಸಿದ್ದು, ಇನ್ನೊಂದು ಬಲದಿಂದ. ಹರಳಿನ ಒಳಗಿನ ಕೋನ ನೂರ ಹತ್ತು, ಹೊರಗಿನದು ಎಪ್ಪತ್ತು. ಪುಸ್ತಕ ಹೊರಗಿನದನ್ನು ಹೇಳುತ್ತದೆ, ಚಾರು ಒಳಗಿನದನ್ನು ಓದಿದ್ದಳು. ಇಷ್ಟು ಹೇಳಲು ನನಗೆ ಬಾಯಿರಲಿಲ್ಲ.

ಆಮೇಲೆ ನಾನು ಶಾಲೆಗೆ ಹೋದೆ. ಎಷ್ಟೋ ಮಕ್ಕಳ ಕೈ ಸವರಿ ನನ್ನ ಅಂಕೆಗಳು ಮಾಸಿದವು. ಚಾರು ಮಾತ್ರ ಮತ್ತೆ ನನ್ನನ್ನು ಮುಟ್ಟಲಿಲ್ಲ, ಮುಂದೆ ಕಾಮರ್ಸ್ ತೆಗೆದುಕೊಂಡಳು. ನಿವೃತ್ತರಾದ ಟೀಚರ್ ನನ್ನನ್ನು ಮನೆಗೆ ತಂದು ಹೊಲಿಗೆ ಡಬ್ಬಿಯಲ್ಲಿಟ್ಟರು. ದಾರ ಹುಡುಕುವಾಗೆಲ್ಲ ನನ್ನ ಪಟ್ಟಿಯನ್ನೊಮ್ಮೆ ತಿರುಗಿಸಿ, "ಚಾರೂಗೆ ಯಾಕೋ ಇದು ಹಿಡಿಸಲೇ ಇಲ್ಲ," ಎನ್ನುತ್ತಿದ್ದರು. ಯಾಕೆಂದು ನನಗೆ ಗೊತ್ತಿತ್ತು.

ಈ ಬೇಸಿಗೆ ರಜೆಯಲ್ಲಿ ಚಾರುವಿನ ಮಗಳು ಮಿಥಿಲಾ ನನ್ನನ್ನು ಹುಡುಕಿ ತೆಗೆದಳು. ಅವಳೂ ಹರಳು ಬೆಳೆಸಿದ್ದಳು. ಅಳೆದು, "ನೂರ ಹತ್ತು," ಎಂದಳು.

ಚಾರು ನಕ್ಕಳು. "ಮೆಲ್ಲಗೆ ಹೇಳೇ. ಅಷ್ಟೇ ಹೇಳಿ ನಾನು ನಿಮ್ಮಜ್ಜಿ ಹತ್ರ ತಪ್ಪು ಅನ್ನಿಸ್ಕೊಂಡೆ."

ಬೀನ್ಸ್ ಮುರಿಯುತ್ತಿದ್ದ ಟೀಚರ್ ಕೈ ಅಲ್ಲೇ ನಿಂತಿತು. ಮಿಥಿಲಾ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು.

"ಅಜ್ಜೀ, ಒಂದೇ ಗೀಟಿಗೆ ನೂರ ಹತ್ತೂ ಇದೆ, ಎಪ್ಪತ್ತೂ ಇದೆ. ಮತ್ತೆ ಅಮ್ಮ ಹೇಳಿದ್ದು ತಪ್ಪು ಹೆಂಗಾಯ್ತು?"